ನಮ್ಮ ಕಡತಗಳಲ್ಲಿ ಕನ್ನಡವಿಲ್ಲ

ಸಿಂಗಾನಲ್ಲೂರು ಎಂದೊಡನೆ ಕರ್ನಾಟಕದ ಬಂಧುಗಳು "ಅಣ್ಣಾವ್ರ ಊರೇ?" ಎಂದು ಹಿಗ್ಗಿನಿಂದ ಕೇಳುತ್ತಾರೆ. ಅಲ್ಲ, ಅವರ ತಂದೆ ಪುಟ್ಟಸ್ವಾಮಯ್ಯನವರ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು, ನಮ್ಮದು ಕೊಯಮತ್ತೂರಿನದು ಎಂದು ತಿದ್ದಿ ತಿದ್ದಿ ನಮಗೆ ಸಾಕಾಗಿದೆ. ಆದರೂ ಈ ಮಾತನ್ನು ಆ ಹೆಸರಿನಿಂದಲೇ ತೊಡಗಲು ಕಾರಣವುಂಟು. 'ರಾಜ್‌ಕುಮಾರ್' ಎಂದು ಗಣಕದಲ್ಲಿ ಬರೆಯಬೇಕಾದರೆ 'ಜ್' ಮತ್ತು 'ಕು' ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಸಂಕೇತವನ್ನು ಇರಿಸಬೇಕು. ಅದು ಬಿದ್ದುಹೋದರೆ ಜಕಾರದ ಕೆಳಗೆ ಕಕಾರದ ಒತ್ತು ಸೇರಿ 'ರಾಜ್ಕುಮಾರ್' ಆಗುತ್ತದೆ. ಇಲ್ಲದಂತೆ ಇದ್ದು ಒಂದು ಹೆಸರನ್ನು ಕಾಯುವ ಈ ಸಂಕೇತ, ತಂತ್ರಾಂಶ ಬರೆಯುವವರಿಗೆ ಒಂದು ಕೌತುಕ.

ಇಂತಹ ಕೌತುಕಗಳನ್ನೂ ಹತ್ತಿಪ್ಪತ್ತು ಸಾಲಿನ ಕಿರು ಸ್ಕ್ರಿಪ್ಟುಗಳನ್ನೂ ಕೂಡಿಡುವುದು ಅವರ ಹವ್ಯಾಸ. ಸಾವಿರ ಚಿತ್ರಗಳ ಹೆಸರನ್ನು ಒಮ್ಮೆಗೇ ಬದಲಿಸುವುದು, ಎರಡು ಪಟ್ಟಿಗಳ ವ್ಯತ್ಯಾಸ ಹುಡುಕುವುದು, ಇತ್ಯಾದಿ. ಅಜ್ಜಿಯ ಸಾಸಿವೆ ಡಬ್ಬಿಯಲ್ಲಿ ಗುಂಡಿ, ಸೂಜಿ, ಹಳೆಯ ಬೀಗದ ಕೈ ಇದ್ದಂತೆ ಇವೂ ಒಂದು ದಿನ ಬೇಕಾಗುತ್ತವೆ ಎಂಬ ನಂಬಿಕೆ. ನಮ್ಮ ಸಂಘದ ಮನೆಮನೆಯಲ್ಲೂ ಈಗ ಅಂಥವರೊಬ್ಬರಿದ್ದಾರೆ. ನಮ್ಮ ಆಕ್ಷೇಪವಿರುವುದು ಹವ್ಯಾಸದ ಮೇಲಲ್ಲ. ಆ ಡಬ್ಬಿಯ ಮುಚ್ಚಳ ಕನ್ನಡಕ್ಕೆ ಮಾತ್ರ ತೆರೆಯುವುದಿಲ್ಲವಲ್ಲ, ತೆರೆಯಿರೆಂದು ಸಂಘದವರಾದ ನಾವೂ ಕೇಳುವುದಿಲ್ಲವಲ್ಲ, ಅದರ ಮೇಲೆ.

ಈ ಸಂಚಿಕೆಗಾಗಿ, ಈಗ ನಮ್ಮೊಡನಿಲ್ಲದ ಹಿರಿಯರೊಬ್ಬರ ಹಳೆಯ ಲೇಖನವನ್ನು ಮರುಮುದ್ರಿಸಲು ಬಯಸಿದೆವು. ನೇಕಾರರ ಮನೆಗಳಲ್ಲಿ ಉಳಿದುಬಂದ ಕನ್ನಡ ಪದಗಳನ್ನು ಕುರಿತದ್ದು. ಅಚ್ಚಾದ ಪ್ರತಿ ಗೆದ್ದಲಿಗೆ ಆಹಾರವಾಗಿತ್ತು, ಸಿ.ಡಿ. ಮಾತ್ರ ಉಳಿದಿತ್ತು. ತೆರೆದರೆ ಪರದೆಯ ಮೇಲೆ ಕಕಾರವಿರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೀಟು ಹೊತ್ತ 'ಎ'. ಪುಟದ ತುಂಬ ಹೀಗೆಯೇ. ಅಂದರೆ ಆ ಕಡತದಲ್ಲಿ ಕನ್ನಡ ಎಂದೂ ಇರಲಿಲ್ಲ. ಇದ್ದದ್ದು ಇಂಗ್ಲಿಷ್ ಸಂಕೇತಗಳು, ಅವುಗಳಿಗೆ ಕನ್ನಡದ ತುಣುಕುಗಳ ವೇಷ ತೊಡಿಸುವ ಒಂದು ಅಕ್ಷರಶೈಲಿ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ವೇಷ ಕಳಚಿತು.

ಆ ವಿಧಾನವನ್ನು ರೂಪಿಸಿದವರನ್ನು ನಾವು ದೂರುವುದಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗ, ಹೊರನಾಡ ಕನ್ನಡಿಗರಿಗೆ ಕಾಗದದ ಮೇಲೆ ಕನ್ನಡ ಮೂಡಿದ್ದೇ ಹಬ್ಬ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡವೆಲ್ಲ ಅಡಗಿತು. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ 2001ರ ವಿಂಡೋಸ್ ಎಕ್ಸ್‌ಪಿ ಬರುವವರೆಗೆ ಅದು ಸಾಮಾನ್ಯರ ಕೈಗೆಟುಕಲಿಲ್ಲ. ಅಂದಿನದು ಅನಿವಾರ್ಯ. ಇಂದಿಗೂ ನಾವು ಹಾಗೆಯೇ ಅಚ್ಚು ಹಾಕಿಸುತ್ತಿರುವುದು ಸೋಮಾರಿತನ.

ಹಳೆಯ ಕಡತವನ್ನು ಯೂನಿಕೋಡಿಗೆ ತರುವುದು ಕಷ್ಟವೇ? ಒಂದು ಕಿರು ಸ್ಕ್ರಿಪ್ಟಿನ ಕೆಲಸ, ಆದರೆ ಅದನ್ನು ಬರೆಯುವವರಿಗೆ ಕನ್ನಡ ಗೊತ್ತಿರಬೇಕು. 'ಧರ್ಮ' ಎನ್ನುವಾಗ ರಕಾರವನ್ನು ಮೊದಲು ನುಡಿಯುತ್ತೇವೆ. ಬರೆಯುವಾಗ ಅರ್ಕಾವತ್ತನ್ನು ಮಕಾರದ ನಂತರ ಇಡುತ್ತೇವೆ. ಹಳೆಯ ಕಡತ ಕಂಡಂತೆ ಬರೆದುಕೊಂಡಿರುತ್ತದೆ, ಯೂನಿಕೋಡ್ ನುಡಿದಂತೆ ಬರೆದುಕೊಳ್ಳುತ್ತದೆ. ಆದುದರಿಂದ ಸ್ಕ್ರಿಪ್ಟು ಪ್ರತಿಯೊಂದು ಅರ್ಕಾವತ್ತನ್ನೂ ಹಿಡಿದು ಅದರ ಅಕ್ಷರದ ಮುಂದಕ್ಕೆ ಎಳೆದು ತರಬೇಕು. ಇನ್ನು ಲೇಖನದ ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದರ 'ಪಿ'ಯೂ ಕಕಾರವಾಗಿಬಿಡುತ್ತದೆ. ನಮ್ಮ ಹಿರಿಯರು ಮಗ್ಗದ ಭಾಗಗಳ ಹೆಸರುಗಳನ್ನು ಅಲ್ಲಲ್ಲಿ ಇಂಗ್ಲಿಷಿನಲ್ಲಿಯೂ ಕೊಟ್ಟಿದ್ದರು. ಪರಿವರ್ತನೆಯಾಗಿ ಬಂದಾಗ ಆ ಸ್ಥಳಗಳಲ್ಲಿ ಯಾವ ಭಾಷೆಯದೂ ಅಲ್ಲದ ಕಾಗುಣಿತವಿತ್ತು. ಕೇಳೋಣವೆಂದರೆ ಅವರಿಲ್ಲ.

ಪರಿವರ್ತಿಸಿಕೊಟ್ಟವರು ಸದಸ್ಯರೊಬ್ಬರ ಮಗ. ಆ ಸ್ಕ್ರಿಪ್ಟು ಅವರ ಲ್ಯಾಪ್‌ಟಾಪಿನಲ್ಲಿ ನಾಲ್ಕು ವರ್ಷಗಳಿಂದ ಇತ್ತಂತೆ. ಮೊದಲೇ ಏಕೆ ಹೇಳಲಿಲ್ಲ ಎಂದರೆ, "ನೀವು ಯಾರೂ ಕೇಳಲೇ ಇಲ್ಲವಲ್ಲ ಮಾವ" ಎಂದರು. ನಾಲ್ಕು ವರ್ಷಗಳ ಹಿಂದೆ ಆ ಹಿರಿಯರು ಬದುಕಿದ್ದರು, ಪ್ರತಿ ತಿಂಗಳ ಸಭೆಗೂ ಬರುತ್ತಿದ್ದರು.

ಇಂಥ ಸಾಧನಗಳು ಅಂತರಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ, ನಾವೇಕೆ ತಲೆಕೆಡಿಸಿಕೊಳ್ಳಬೇಕು ಎನ್ನುವವರಿದ್ದಾರೆ. ಸಿಗುತ್ತವೆ ನಿಜ, ಯಾರೋ ಪುಣ್ಯಾತ್ಮರು ತಮ್ಮ ಡಬ್ಬಿಯನ್ನು ಬೀದಿಗೆ ತಂದಿಟ್ಟಿದ್ದರಿಂದ ಸಿಗುತ್ತವೆ. ಆದರೆ ನಮ್ಮ ಊರಿನ ಕನ್ನಡಕ್ಕೆ ಬೇಕಾದುದನ್ನು ಬೆಂಗಳೂರಿನವರು ಮಾಡಿಕೊಡಲಾರರು. ಇಲ್ಲಿನ ದೇವಾಂಗರ ಮನೆಗಳನ್ನು ನೋಡಿ. ತಲೆಮಾರುಗಳಿಂದ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಆದ್ದರಿಂದ ಹಾಡು, ಹರಕೆ, ಮದುವೆಯ ಲೆಕ್ಕಗಳನ್ನು ಕನ್ನಡ ಮಾತಿನಲ್ಲಿ ತಮಿಳು ಅಕ್ಷರದಲ್ಲಿ ಬರೆದಿಟ್ಟವರುಂಟು. ತಮಿಳಿನಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರ. 'ಗಾಳಿ' ಎಂದು ಬರೆದರೂ 'ಕಾಳಿ' ಎಂದು ಬರೆದರೂ ಕಾಣುವುದು ಒಂದೇ. ಅದನ್ನು ಕನ್ನಡ ಲಿಪಿಗೆ ತರುವ ಸ್ಕ್ರಿಪ್ಟಿಗೆ, ಇದು ಬೀಸಿದ್ದೋ ಮೈದುಂಬಿದ್ದೋ ಎಂದು ಹೇಳಿಕೊಡುವ ಪದಪಟ್ಟಿ ಬೇಕು. ಆ ಪಟ್ಟಿ ನಮ್ಮ ಅಜ್ಜಿಯರ ನಾಲಿಗೆಯಲ್ಲಿದೆ. ಸ್ಕ್ರಿಪ್ಟು ಬರೆಯುವ ಕೈ ಅದೇ ಮನೆಯ ಮಹಡಿಯಲ್ಲಿದೆ. ನಡುವೆ ಇರುವುದು ಒಂದು ಮೆಟ್ಟಿಲಸಾಲು.

ಇಲ್ಲಿ ಕನ್ನಡ ಅಕ್ಷರ ಓದುವವರೇ ಎಷ್ಟು ಮಂದಿ ಎಂಬ ಇನ್ನೊಂದು ವಾದವನ್ನು ನಮ್ಮ ಪದಾಧಿಕಾರಿಗಳ ಬಾಯಿಂದಲೇ ಕೇಳಿದ್ದೇವೆ. ಓದುವವರು ಕಡಿಮೆ ಇರುವಲ್ಲಿಯೇ ಕಡತ ಹೆಚ್ಚು ಗಟ್ಟಿಯಾಗಿರಬೇಕು. ಬೆಂಗಳೂರಿನಲ್ಲಿ ಒಂದು ಪ್ರತಿ ಹಾಳಾದರೆ ಇನ್ನೊಂದು ಎಲ್ಲೋ ಇರುತ್ತದೆ. ಇಲ್ಲಿ ಇದ್ದದ್ದೇ ಒಂದು.

ಆದುದರಿಂದ ನಾವು ಕೇಳುವುದಿಷ್ಟು. ಸಂಚಿಕೆಯ ಬರಹಗಳನ್ನು ಅಚ್ಚುಕೂಟದಿಂದ ಯೂನಿಕೋಡಿನಲ್ಲಿಯೇ ಮರಳಿ ಪಡೆದು ಎಲ್ಲ ಸದಸ್ಯರಿಗೂ ಹಂಚಬೇಕು. ಸಮ್ಮೇಳನದಲ್ಲಿ ಶಾಲು ಹಾರಗಳಿಗೆಂದು ಮೀಸಲಾದ ಮಧ್ಯಾಹ್ನದಿಂದ ಒಂದು ಗಂಟೆಯನ್ನು ಕಿತ್ತು ಈ ತರುಣ ತರುಣಿಯರಿಗೆ ಕೊಡಬೇಕು. ಅವರು ತಮ್ಮಲ್ಲಿರುವ ಸ್ಕ್ರಿಪ್ಟುಗಳನ್ನು ಕನ್ನಡ ವಿವರಣೆಯೊಡನೆ ಎಲ್ಲರಿಗೂ ದೊರೆಯುವಂತೆ ಇಡಬೇಕು. ಕೆಲಸ ಸಣ್ಣದೆಂದು ನಾಚಬೇಕಿಲ್ಲ. ನಮ್ಮ ಸದಸ್ಯರ ಪಟ್ಟಿಯಲ್ಲಿ ಕಾಳಪ್ಪನವರು ಕಾವೇರಮ್ಮನವರಿಗಿಂತ ಮೊದಲು ಬಂದಿದ್ದಾರೆ. ಯೂನಿಕೋಡಿನ ಸಾಲಿನಲ್ಲಿ ಳಕಾರ ಲಕಾರದ ಬೆನ್ನಿಗೇ ಕುಳಿತಿರುವುದೇ ಕಾರಣ. ವರ್ಣಮಾಲೆ ಬಲ್ಲ ಯಾರಾದರೂ ಮೊದಲು ಇದನ್ನೇ ಸರಿಪಡಿಸಲಿ.

ಆ ಹಿರಿಯರ ಲೇಖನ ಈ ಸಂಚಿಕೆಯಲ್ಲಿಯೇ ಇದೆ. ಮೂರು ಕಡೆ ಪದಗಳ ಬದಲು ಚುಕ್ಕೆಗಳನ್ನು ಇಟ್ಟಿದ್ದೇವೆ. ಅಚ್ಚಾದ ಹಳೆಯ ಪ್ರತಿ ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ ದಯವಿಟ್ಟು ಸಮ್ಮೇಳನಕ್ಕೆ ಬರುವಾಗ ತನ್ನಿ.