ಯಾರ ಕಡೆಯವರು?

ನನ್ನ ಕೆಲಸ ಹಳೆಯ ಡೇಟಾವನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು. ಹೊಸ ವ್ಯವಸ್ಥೆಯಲ್ಲಿ ಪ್ರತಿ ದಾಖಲೆಗೂ 'ಮಾಲೀಕ' ಎಂಬ ಒಂದು ಕಾಲಂ ಇರುತ್ತದೆ. ಅದರಲ್ಲಿ ಹಿಡಿಸುವುದು ಒಂದೇ ಹೆಸರು. ಇಷ್ಟು ವರ್ಷ ಮೂರು ಜನ ಹೊಂದಾಣಿಕೆಯಿಂದ ನೋಡಿಕೊಂಡು ಬಂದದ್ದನ್ನು ಯಾರೋ ಒಬ್ಬರ ಹೆಸರಿಗೆ ಬರೆಯಬೇಕು. ಹಾಗೆ ಬರೆದ ದಿನವೇ ಜಗಳ ಶುರು. ಇಂಥದ್ದೊಂದು ಕಾಲಂ ಒಂದು ಮರುಭೂಮಿಯ ಜನರ ಮುಂದೆ ಬಂದು ನಿಂತರೆ ಏನಾಗುತ್ತದೆ ಎಂಬುದಕ್ಕೆ ಬುರೈಮಿಯ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅರೇಬಿಯಾದ ಆಗ್ನೇಯ ಮೂಲೆಯಲ್ಲಿ, ಹಜರ್ ಬೆಟ್ಟಗಳ ಬುಡದಲ್ಲಿ ಬುರೈಮಿ ಎಂಬ ಓಯಸಿಸ್ ಇದೆ. ಬೆಟ್ಟದ ಅಂತರ್ಜಲವನ್ನು 'ಫಲಜ್' ಎಂಬ ಕಾಲುವೆಗಳಲ್ಲಿ ಹರಿಸಿ ಖರ್ಜೂರದ ತೋಟ ಮಾಡಿಕೊಂಡ ಕೆಲವು ಹಳ್ಳಿಗಳ ಗುಂಪು ಅದು. 1940ರ ದಶಕದಲ್ಲಿ ಅಲ್ಲಿನ ಬಹುಪಾಲು ಹಳ್ಳಿಗಳು ಅಬುಧಾಬಿಯ ಶೇಖರ ಕಡೆ ಇದ್ದವು. ಬುರೈಮಿ, ಹಮಾಸಾ, ಸಾರಾ ಎಂಬ ಮೂರು ಹಳ್ಳಿಗಳಲ್ಲಿ ನಯೀಮ್ ಮತ್ತು ಅವರ ಬಳಗದ ಅಲ್ ಬು ಶಾಮಿಸ್ ಬುಡಕಟ್ಟಿನವರಿದ್ದರು. ಮಸ್ಕತ್‌ನ ಸುಲ್ತಾನ ಅವರನ್ನು ತನ್ನವರೆಂದು ಹೇಳಿಕೊಳ್ಳುತ್ತಿದ್ದ. ಅವರು ಅದನ್ನು ಬೇಕಾದಾಗ ಒಪ್ಪುತ್ತಿದ್ದರು, ಬೇಡದಾಗ ಸುಮ್ಮನಿರುತ್ತಿದ್ದರು.

ಇದು ಮೋಸವಾಗಿರಲಿಲ್ಲ, ಅಲ್ಲಿನ ಪದ್ಧತಿಯೇ ಹಾಗಿತ್ತು. ಬುಡಕಟ್ಟಿನ ಶೇಖ್ ಎಂದರೆ ರಾಜನಲ್ಲ. ಒಂದೇ ಮನೆತನದೊಳಗೆ ಯೋಗ್ಯನೆನಿಸಿದವನನ್ನು ಹಿರಿಯರು ಒಪ್ಪಿಕೊಳ್ಳುತ್ತಿದ್ದರು. ಅವನು ಮಜ್ಲಿಸ್‌ನಲ್ಲಿ ಎಲ್ಲರ ಜೊತೆ ಕೂತು ವ್ಯಾಜ್ಯ ಬಿಡಿಸಬೇಕು, ಬಂದವರಿಗೆ ಕಾಫಿ, ಊಟ ಹಾಕಬೇಕು, ತನ್ನವರಿಗೆ ಅನ್ಯಾಯವಾದರೆ ಎದ್ದು ನಿಲ್ಲಬೇಕು. ಕೈ ಬಿಗಿ ಮಾಡಿದರೆ ಅಥವಾ ಹೇಡಿತನ ತೋರಿಸಿದರೆ ಜನ ಒಂಟೆ ಹತ್ತಿ ಇನ್ನೊಬ್ಬನ ಬಳಿ ಹೋಗುತ್ತಿದ್ದರು. ಶೇಖ್ ಕೂಡ ತನಗಿಂತ ದೊಡ್ಡ ಆಡಳಿತಗಾರನ ಜೊತೆ ಇದೇ ಲೆಕ್ಕದಲ್ಲಿ ನಡೆದುಕೊಳ್ಳುತ್ತಿದ್ದ. ನಿಷ್ಠೆ ಎಂಬುದು ಜನರ ನಡುವಿನ ಸಂಬಂಧವಾಗಿತ್ತು. ಅದಕ್ಕೂ ನೆಲದ ಮೇಲಿನ ಗೆರೆಗೂ ಸಂಬಂಧವಿರಲಿಲ್ಲ.

ಗೆರೆ ಬೇಕಾದದ್ದು ತೈಲಕ್ಕೆ. ಗುತ್ತಿಗೆ ಪತ್ರಕ್ಕೆ ಸಹಿ ಹಾಕುವವನಿಗೆ ಎಲ್ಲಿಯವರೆಗೆ ಅಧಿಕಾರ ಎಂಬುದು ಕಂಪನಿಗೆ ಗೊತ್ತಾಗಬೇಕಲ್ಲ? ಸೌದಿ ದೊರೆ ಇಬ್ನ್ ಸೌದ್ ಜೊತೆಗೆ ಅಮೆರಿಕದ ಅರಾಮ್ಕೊ ಇತ್ತು. ಅಬುಧಾಬಿ ಮತ್ತು ಮಸ್ಕತ್ ಜೊತೆಗೆ ಬ್ರಿಟನ್ ಮತ್ತು ಇರಾಕ್ ಪೆಟ್ರೋಲಿಯಂ ಕಂಪನಿಯ ಬಳಗವಿತ್ತು. 1949ರಲ್ಲಿ ಸೌದಿ ಸರ್ಕಾರ ಬುರೈಮಿಯೂ ಸೇರಿದಂತೆ ಬಹಳ ದೊಡ್ಡ ಪ್ರದೇಶ ತನ್ನದೆಂದು ಹೇಳಿತು. ಆ ಬುಡಕಟ್ಟುಗಳು ಹಿಂದೆ ತಮಗೆ ಜಕಾತ್ ಕೊಟ್ಟಿವೆ, ಆದ್ದರಿಂದ ಅವರು ನಮ್ಮ ಪ್ರಜೆಗಳು, ಅವರು ಓಡಾಡುವ ನೆಲವೂ ನಮ್ಮದು ಎಂಬುದು ಅದರ ವಾದದ ತಿರುಳು.

ಜಕಾತ್ ಎಂದರೆ ಇಸ್ಲಾಮಿನ ಧಾರ್ಮಿಕ ಕಾಣಿಕೆ. ಒಬ್ಬ ಬೆದೂಯಿನ್ ತನ್ನ ಒಂಟೆಗಳಿಗೆ ಅದನ್ನು ಏಕೆ ಕೊಟ್ಟ? ಧರ್ಮವೆಂದು ಇರಬಹುದು. ಮುಂದಿನ ಮಳೆಗಾಲಕ್ಕೆ ಅವರ ಹುಲ್ಲುಗಾವಲಿಗೆ ಹೋಗಬೇಕೆಂದು ಇರಬಹುದು. ಕೇಳಲು ಬಂದವರ ಕೈಯಲ್ಲಿ ಬಂದೂಕಿತ್ತು ಎಂದೂ ಇರಬಹುದು. ರಶೀದಿಯಲ್ಲಿ ಕಾರಣ ಬರೆದಿರುವುದಿಲ್ಲ. ವಕೀಲರ ಕೈಗೆ ಬಂದಾಗ ಅದೇ ಪೌರತ್ವದ ಪುರಾವೆಯಾಯಿತು.

1952ರ ಆಗಸ್ಟ್ ಕೊನೆಯಲ್ಲಿ ರಾಸ್ ತನೂರಾದ ಅಮೀರನಾಗಿದ್ದ ತುರ್ಕಿ ಬಿನ್ ಅತೈಶಾನ್ ಒಂದು ಸಣ್ಣ ಸಶಸ್ತ್ರ ತಂಡದೊಂದಿಗೆ ಹಮಾಸಾಕ್ಕೆ ಬಂದು ಕೂತ. ಅಲ್ಲಿನ ಶೇಖ್ ರಶೀದ್ ಬಿನ್ ಹಮದ್ ಅವನನ್ನು ಬರಮಾಡಿಕೊಂಡ. ತುರ್ಕಿ ಗುಂಡು ಹಾರಿಸಲಿಲ್ಲ. ಊಟ ಹಾಕಿಸಿದ, ಬಟ್ಟೆ, ಹಣ ಹಂಚಿದ, ನಿಷ್ಠೆಯ ಪತ್ರಗಳಿಗೆ ಸಹಿ ಹಾಕಿಸಿಕೊಂಡ. ಬ್ರಿಟಿಷರು ಇದನ್ನು ಲಂಚ ಎಂದರು. ಆದರೆ ಉದಾರಿಯಾದ ಆಡಳಿತಗಾರ ಮಾಡಬೇಕಾದ ಕೆಲಸವೂ ಅದೇ ಆಗಿತ್ತು. ವರ್ಷಗಟ್ಟಲೆ ಸುಲ್ತಾನನಿಂದ ಏನೂ ಬಾರದ ಹಳ್ಳಿಯಲ್ಲಿ ಊಟ ಹಾಕಿದವನ ಮಾತಿಗೆ ತೂಕ ಬಂದದ್ದರಲ್ಲಿ ಆಶ್ಚರ್ಯವೇನು?

ಸುಲ್ತಾನ ಸಯ್ಯಿದ್ ಸಯೀದ್ ಬಿನ್ ತೈಮೂರ್ ನಮಗೆ ತೀರ ಅಪರಿಚಿತನಲ್ಲ. ಓದಿದ್ದು ಅಜ್ಮೀರದ ಮೇಯೋ ಕಾಲೇಜಿನಲ್ಲಿ. ಪಟ್ಟ ಬಿಟ್ಟುಕೊಟ್ಟ ಅವನ ತಂದೆ ತೈಮೂರ್ 1965ರಲ್ಲಿ ತೀರಿಕೊಂಡದ್ದು ಮುಂಬೈಯಲ್ಲಿ. ತುರ್ಕಿ ಬಂದ ಸುದ್ದಿ ಕೇಳಿ ಸಯೀದ್ ಸೊಹಾರ್‌ನಲ್ಲಿ ಸಾವಿರಾರು ಬುಡಕಟ್ಟು ಯೋಧರನ್ನು ಕೂಡಿಸಿದ. ಒಳನಾಡಿನಲ್ಲಿ ಬಹುಮಟ್ಟಿಗೆ ಸ್ವತಂತ್ರನಾಗಿದ್ದ ಇಮಾಮ್ ಮುಹಮ್ಮದ್ ಅಲ್ ಖಲೀಲಿ ಕೂಡ ಅವನ ಬೆನ್ನಿಗೆ ನಿಂತ. ಎಷ್ಟೋ ಕಾಲದ ನಂತರ ಇಬ್ಬರ ಜನ ಒಂದಾದ ಗಳಿಗೆ ಅದು. ಅಷ್ಟರಲ್ಲಿ ಬ್ರಿಟಿಷರು ಯುದ್ಧ ಬೇಡ, ಮಾತುಕತೆ ಮಾಡೋಣ ಎಂದು ತಡೆದರು. ಸುಲ್ತಾನ ಯೋಧರನ್ನು ವಾಪಸ್ ಕಳಿಸಿದ. ಕರೆದು, ಕಾಯಿಸಿ, ಬರಿಗೈಯಲ್ಲಿ ಕಳಿಸಿದ ನಾಯಕನ ಬಗ್ಗೆ ಜನ ಏನಂದುಕೊಂಡಿರಬಹುದು ಎಂಬುದನ್ನು ನೀವೇ ಊಹಿಸಿ.

ಓಯಸಿಸ್‌ನ ಇನ್ನೊಂದು ಭಾಗದಲ್ಲಿ ಬೇರೆ ರೀತಿಯ ನಾಯಕನಿದ್ದ. ಅಬುಧಾಬಿಯ ಆಡಳಿತಗಾರ ಶಖ್ಬೂತ್‌ನ ತಮ್ಮ ಜಾಯೆದ್ 1946ರಿಂದ ಅಲ್ ಐನ್ ಭಾಗವನ್ನು ನೋಡಿಕೊಳ್ಳುತ್ತಿದ್ದ. ಅವನ ಕೈಯಲ್ಲಿ ಹಣ ಹೆಚ್ಚಿರಲಿಲ್ಲ. ಹೂಳು ತುಂಬಿದ ಫಲಜ್‌ಗಳನ್ನು ಊರವರ ಜೊತೆ ನಿಂತು ತೆಗೆಸಿದ, ನೀರಿನ ಹಕ್ಕಿನ ತಕರಾರು ಬಗೆಹರಿಸಿದ. 1948ರಲ್ಲಿ ಅಲ್ಲಿಗೆ ಹೋದ ಯಾತ್ರಿಕ ವಿಲ್ಫ್ರೆಡ್ ಥೆಸಿಗರ್, ಅವನು ಜನರ ನಡುವೆ ಕೂತು ದೂರು ಕೇಳುತ್ತಿದ್ದುದನ್ನು ದಾಖಲಿಸಿದ್ದಾನೆ. ಸೌದಿ ಕಡೆಯಿಂದ ತನಗೂ ದೊಡ್ಡ ಮೊತ್ತದ ಆಮಿಷ ಬಂದಿತ್ತೆಂದು ಜಾಯೆದ್ ನಂತರ ಜಿನೀವಾದಲ್ಲಿ ಸಾಕ್ಷಿ ಹೇಳಿದ. ಅವನು ಕದಲಲಿಲ್ಲ.

1954ರ ಜುಲೈನಲ್ಲಿ ಜಿದ್ದಾದಲ್ಲಿ ಪಂಚಾಯ್ತಿಗೆ ಒಪ್ಪಂದವಾಯಿತು. ಜಿನೀವಾದಲ್ಲಿ ನ್ಯಾಯಮಂಡಳಿ. ಎರಡೂ ಕಡೆಯವರು ಸಂಪುಟಗಟ್ಟಲೆ ವಾದಪತ್ರ ಸಲ್ಲಿಸಿದರು. ಯಾವ ಬುಡಕಟ್ಟು ಯಾವ ಬಾವಿಯ ನೀರು ಕುಡಿಯಿತು, ಯಾವ ವರ್ಷ ಯಾರಿಗೆ ಜಕಾತ್ ಕೊಟ್ಟಿತು ಎಂಬುದೆಲ್ಲ ಅದರಲ್ಲಿತ್ತು. 1955ರ ಸೆಪ್ಟೆಂಬರ್‌ನಲ್ಲಿ ಲಂಚದ ಆರೋಪಗಳ ನಡುವೆ ಬ್ರಿಟಿಷ್ ಸದಸ್ಯ ಸರ್ ರೀಡರ್ ಬುಲ್ಲಾರ್ಡ್ ರಾಜೀನಾಮೆ ಕೊಟ್ಟ, ಮಂಡಳಿ ಕುಸಿಯಿತು. ಅಕ್ಟೋಬರ್ 26ರಂದು ಬ್ರಿಟಿಷ್ ಅಧಿಕಾರಿಗಳ ಕೆಳಗಿನ ಸ್ಥಳೀಯ ಪಡೆ ಬುರೈಮಿಯನ್ನು ವಶಕ್ಕೆ ತೆಗೆದುಕೊಂಡಿತು. ಅಲ್ಲಿದ್ದ ಸಣ್ಣ ಸೌದಿ ಪೊಲೀಸ್ ತುಕಡಿಯನ್ನು ಹೊರಗೆ ಕಳಿಸಲಾಯಿತು. ಸೌದಿ ಕಡೆ ನಿಂತಿದ್ದ ಹಮಾಸಾದ ರಶೀದ್, ಬುರೈಮಿಯ ಸಖ್ರ್ ಬಿನ್ ಸುಲ್ತಾನ್ ಮತ್ತು ಅವರ ಜೊತೆಗಿದ್ದವರು ಊರು ಬಿಟ್ಟು ಸೌದಿ ಅರೇಬಿಯಾ ಸೇರಿದರು.

ಇಡೀ ಕಥೆಯಲ್ಲಿ ನನ್ನನ್ನು ಕಾಡುವುದು ಇವರೇ. ಅವರ ಅಜ್ಜಂದಿರು ಇಂಥ ಆಯ್ಕೆ ಮಾಡಿದ್ದರೆ ಆಟ ಸೋತಮೇಲೆ ಬಂದು ಕಾಫಿ ಕುಡಿದು ರಾಜಿಯಾಗಬಹುದಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಲ್ತಾನ ನಿಜ್ವಾಕ್ಕೆ ಬಂದಾಗ ಹಸಿರು ಬೆಟ್ಟದ ಒಡೆಯ ಸುಲೈಮಾನ್ ಬಿನ್ ಹಿಮ್ಯಾರ್ ಇಳಿದು ಬಂದು ತಲೆಬಾಗಿದ. 1957ರಲ್ಲಿ ಅವನೇ ಹೊಸ ಇಮಾಮ್ ಗಾಲಿಬ್ ಜೊತೆ ಬಂಡೆದ್ದ. ಈ ಸಲ ಅವನನ್ನು ಎದುರಿಸಿದ್ದು ಬ್ರಿಟಿಷ್ ವಿಮಾನಗಳು. 1959ರ ಜನವರಿಯಲ್ಲಿ ಬೆಟ್ಟ ಬಿದ್ದಮೇಲೆ ಅವನೂ ಸೌದಿಗೆ ಓಡಿಹೋದ. ಪಕ್ಷ ಬದಲಿಸುವುದು ಒಂದು ಕಾಲಕ್ಕೆ ರಾಜಕೀಯವಾಗಿತ್ತು. ಗಡಿ ಬಂದಮೇಲೆ ಅದರ ಹೆಸರು ದೇಶದ್ರೋಹ ಎಂದಾಯಿತು. ಜನ ಮೊದಲಿದ್ದಂತೆಯೇ ಇದ್ದರು.

ಹಳೆಯ ಪದ್ಧತಿಯೇ ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ದರೋಡೆ ಇತ್ತು, ಬುರೈಮಿಯಲ್ಲೇ ಗುಲಾಮರ ವ್ಯಾಪಾರವಿತ್ತು. ಗಟ್ಟಿಯಾದ ರಾಜ್ಯ ಬಂದಮೇಲೆ ಶಾಲೆ, ಆಸ್ಪತ್ರೆ ಬಂದವು. 1966ರಲ್ಲಿ ಅಬುಧಾಬಿಯ ಆಡಳಿತಗಾರನಾದ ಜಾಯೆದ್ 1971ರಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳ ಮೊದಲ ಅಧ್ಯಕ್ಷನಾದ. 1974ರಲ್ಲಿ ಸೌದಿ ಜೊತೆಗಿನ ಗಡಿ ಒಪ್ಪಂದಕ್ಕೂ ಅವನೇ ಸಹಿ ಹಾಕಿದ. ಫಲಜ್ ತೆಗೆಸಿದವನಿಗೆ ಸಿಕ್ಕ ನಿಷ್ಠೆ, ಪತ್ರಕ್ಕೆ ಸಹಿ ಹಾಕಿಸಿಕೊಂಡವನಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು ಬಾಳಿತು ಎಂಬುದನ್ನೂ ಒಪ್ಪಲೇಬೇಕು.

ಇವತ್ತು ಅಲ್ ಐನ್ ಒಂದು ದೇಶ, ಬುರೈಮಿ ಇನ್ನೊಂದು. ಅಜ್ಜಂದಿರು ಒಂದೇ ಸಂತೆಗೆ ಹೋಗುತ್ತಿದ್ದ ಜಾಗವನ್ನು ಮೊಮ್ಮಕ್ಕಳು ಗಡಿ ಚೌಕಿ ಹಾಯ್ದು ತಲುಪುತ್ತಾರೆ. ಹೊರನಾಡಿನಲ್ಲಿರುವ ನಮ್ಮನ್ನೂ ಜನ ಕೇಳುತ್ತಾರಲ್ಲ, ನೀವು ಅಲ್ಲಿಯವರೋ ಇಲ್ಲಿಯವರೋ ಎಂದು. ನಮಗೆ ಎರಡೂ ಎಂದು ಹೇಳಿ ನಗುವ ಅವಕಾಶವಿದೆ. ರಶೀದ್ ಬಿನ್ ಹಮದ್‌ಗೆ ಇರಲಿಲ್ಲ.