ಪಂಕ್ತಿಯಲ್ಲಿ ಎಲ್ಲರಿಗೂ ಸಿಹಿ

ಕೃಷ್ಣೆಯ ತೀರದ ತಿಂಥಣಿಯಲ್ಲಿ ಮೌನೇಶ್ವರರ ಜಾತ್ರೆ ನೆರೆದಾಗ ಸುರಪುರ, ಶಹಾಪುರ, ಲಿಂಗಸುಗೂರು ಸೀಮೆಯ ಮನೆಗಳು ಬೀಗರಿಂದ ತುಂಬುತ್ತವೆ. ಹೋಳಿಗೆ, ಮಾದಲಿ, ಕರಿಗಡಬುಗಳ ಊಟ ಸಿದ್ಧವಾಗುತ್ತದೆ. ಆದರೆ ಪಂಕ್ತಿಯಲ್ಲಿ ಕುಳಿತ ಹಿರಿಯರೊಬ್ಬರು “ನನಗ ಬ್ಯಾಡವ್ವಾ, ಸಕ್ಕರಿ ಐತಿ” ಎಂದು ಎಲೆಗೆ ಕೈಯಡ್ಡ ಹಿಡಿಯುವುದು ಇಂದು ಬಹುತೇಕ ಮನೆಗಳಲ್ಲಿ ಕಾಣುವ ನೋಟವಾಗಿದೆ. ಅಪರೂಪಕ್ಕೆ ಗೋಧಿಯೇ ಒಗ್ಗದ ಮಗುವೂ ಅದೇ ಪಂಕ್ತಿಯಲ್ಲಿರುತ್ತದೆ. ದಾಸೋಹವೆಂದರೆ ಬಡಿಸುವವರ ಸಂತೋಷ ಮಾತ್ರವಲ್ಲ. ಉಣ್ಣುವವರ ದೇಹಕ್ಕೆ ಒಗ್ಗುವುದನ್ನು ಅರಿತು ನೀಡುವುದು. ಆದುದರಿಂದ ಈ ತಿಂಗಳು ಈ ಇಬ್ಬರಿಗೂ ಸಲ್ಲುವ ಒಂದು ಚಿಕ್ಕ ತಿನಿಸನ್ನು ಕುರಿತು ಬರೆಯುತ್ತಿದ್ದೇವೆ.

ಪೇಟೆಯ ಬೇಕರಿಗಳಲ್ಲಿ ಡೋನಟ್ ಎಂಬ ಬಳೆಯಾಕಾರದ ತಿನಿಸು ದೊರೆಯುತ್ತದೆ. ಮೈದಾಹಿಟ್ಟು, ಸಕ್ಕರೆ, ಕರಿದ ಎಣ್ಣೆ, ಇವೇ ಅದರ ಮೂಲದ್ರವ್ಯಗಳು. ಮೊಮ್ಮಕ್ಕಳು ಅದನ್ನು ಬೇಡುತ್ತಾರೆ. ಅಜ್ಜ ಅಜ್ಜಿಯರು ನೋಡುತ್ತ ಕೂಡುತ್ತಾರೆ. ಅದರ ಆಕಾರ ನಮಗೆ ಹೊಸದಲ್ಲ. ಉದ್ದಿನ ವಡೆಗೆ ನಮ್ಮ ತಾಯಂದಿರು ನಡುವೆ ತೂತು ಮಾಡುವುದು ಒಳಗೂ ಸಮನಾಗಿ ಬೇಯಲೆಂದೇ. ಬದಲಾಯಿಸಬೇಕಾದುದು ಆಕಾರವನ್ನಲ್ಲ, ಹಿಟ್ಟನ್ನು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಗೋಧಿ ಇಲ್ಲದ ತಿನಿಸು ಮಧುಮೇಹಕ್ಕೂ ಒಳ್ಳೆಯದೆಂದು ಅನೇಕರು ನಂಬಿದ್ದಾರೆ. ಇವೆರಡೂ ಬೇರೆ ಬೇರೆ ಸಂಗತಿಗಳು.

ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದು ಗ್ಲುಟೆನ್ ಎಂಬ ಜಿಗುಟು ಪ್ರೋಟೀನಿನಿಂದ. ಗೋಧಿಯಲ್ಲಿರುವ ಇದು ಜೋಳ, ಸಜ್ಜೆಗಳಲ್ಲಿ ಇಲ್ಲ. ಆದುದರಿಂದಲೇ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿ, ಕೈಯಿಂದ ಬಡಿದು ರೊಟ್ಟಿ ಮಾಡುತ್ತೇವೆ. ಸೀಲಿಯಾಕ್ ಎಂಬ ಕಾಯಿಲೆಯವರಿಗೆ ಗ್ಲುಟೆನ್ ಸಣ್ಣ ಕರುಳನ್ನು ಕೆಡಿಸುತ್ತದೆ. ಈ ಕಾಯಿಲೆಗೆ ಗೋಧಿಯೇ ಕಾರಣವೆಂಬುದನ್ನು ನೆದರ್ಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆಯವರು 1950ರಲ್ಲಿ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಅಂಥವರು ಜೀವನಪರ್ಯಂತ ಗ್ಲುಟೆನ್ ಇರುವ ಆಹಾರವನ್ನು ಬಿಡುವುದೇ ಪರಿಹಾರ.

ಮಧುಮೇಹದ ಲೆಕ್ಕವೇ ಬೇರೆ. ಅಲ್ಲಿ ಎಣಿಸಬೇಕಾದುದು ಪಿಷ್ಟ ಮತ್ತು ಸಕ್ಕರೆಯನ್ನು. 100 ಗ್ರಾಂ ಜೋಳ, ಸಜ್ಜೆ, ಗೋಧಿ, ಯಾವುದನ್ನು ತೆಗೆದುಕೊಂಡರೂ ಅದರಲ್ಲಿ ಪಿಷ್ಟಾದಿಗಳು ಸುಮಾರು 60ರಿಂದ 70 ಗ್ರಾಂ ಇರುತ್ತವೆ. ಅಕ್ಕಿಯಲ್ಲಿ ಇನ್ನೂ ಹೆಚ್ಚು. ನಾರಾಯಣಪುರದ ಬಸವಸಾಗರದ ಕಾಲುವೆ ನೀರು ಬಂದ ಮೇಲೆ ಈ ಸೀಮೆಯ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ತಾಟಿನಲ್ಲಿ ಅನ್ನವೂ ಹೆಚ್ಚಿತು. ಶೇಂಗಾದಲ್ಲಿ ಮಾತ್ರ ಈ ಅಂಶ 20 ಗ್ರಾಂ ಆಸುಪಾಸು. ಅಗಸಿ, ಒಣಕೊಬ್ಬರಿಗಳಲ್ಲಿ ಇರುವುದರ ಬಹುಪಾಲು ನಾರು. ಈ ಮೂರೂ ನಮ್ಮ ಅಡಿಗೆಮನೆಯ ಡಬ್ಬಿಗಳಲ್ಲಿ ಈಗಾಗಲೇ ಇರುವಂಥವು.

ಮಾಡುವ ಕ್ರಮ ಹೀಗಿದೆ. ಶೇಂಗಾವನ್ನು ಹದವಾಗಿ ಹುರಿದು, ಸಿಪ್ಪೆ ತೆಗೆದು, ಪೂರ್ಣ ಆರಿದ ಮೇಲೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಬೇಕು. ಬಿಸಿಯಾಗಿರುವಾಗ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಸುಮಾರು 100 ಗ್ರಾಂ ಶೇಂಗಾಪುಡಿಗೆ ಕಾಲು ಬಟ್ಟಲು ಒಣಕೊಬ್ಬರಿ ಪುಡಿ, ಎರಡು ದೊಡ್ಡ ಚಮಚ ಹುರಿದ ಅಗಸಿಯ ಪುಡಿ, ಒಂದು ದೊಡ್ಡ ಚಮಚ ಇಸಬಗೋಲು, ಯಾಲಕ್ಕಿ, ಚಿಟಿಕೆ ಉಪ್ಪು ಕೂಡಿಸಬೇಕು. ಗೋಧಿಯ ಜಿಗುಟು ಇಲ್ಲದಿರುವಲ್ಲಿ ಅಗಸಿ ಮತ್ತು ಇಸಬಗೋಲುಗಳ ಲೋಳೆಯೇ ಹಿಟ್ಟನ್ನು ಹಿಡಿದಿಡುತ್ತದೆ; ಮೊಟ್ಟೆ ಬೇಕಾಗುವುದಿಲ್ಲ. ಕಾಲು ಬಟ್ಟಲು ಗಟ್ಟಿ ಮೊಸರು ಹಾಕಿ, ಉಗುರುಬೆಚ್ಚನೆಯ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ವಡೆಯ ಹದಕ್ಕೆ ಕಲಸಿ, ಹತ್ತು ನಿಮಿಷ ಮುಚ್ಚಿಡಬೇಕು. ಕೊನೆಗೆ ಅರ್ಧ ಚಿಕ್ಕ ಚಮಚ ಅಡಿಗೆ ಸೋಡಾ ಸೇರಿಸಿ ಕೂಡಲೇ ಹಂಚಿಗೆ ಹಾಕಬೇಕು. ತಡವಾದರೆ ಹಿಟ್ಟಿನ ಉಬ್ಬು ಇಳಿಯುತ್ತದೆ.

ಪಡ್ಡಿನ ಹಂಚಿಗೆ ತುಪ್ಪ ಸವರಿ, ಗುಳಿಯ ಮುಕ್ಕಾಲರಷ್ಟು ಹಿಟ್ಟು ಇಟ್ಟು, ಒದ್ದೆ ಬೆರಳಿನಿಂದ ನಡುವೆ ತೂತು ಮಾಡಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಿಸಬೇಕು. ಮಗುಚಿ ಮತ್ತೆ ಮೂರು ನಾಲ್ಕು ನಿಮಿಷ. ಉರಿ ಹೆಚ್ಚಾದರೆ ಹೊರಗೆ ಕರಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಹದಿನಾಲ್ಕು ಪುಟ್ಟ ಬಳೆಗಳಾದರೆ, ನಾರನ್ನು ಕಳೆದು ಒಂದೊಂದರಲ್ಲಿ ಪಿಷ್ಟಾದಿಗಳು ಎರಡು ಗ್ರಾಮಿನೊಳಗೇ ಇರುತ್ತವೆ.

ಇನ್ನು ಸಿಹಿಯ ಮಾತು. “ಬೆಲ್ಲ ಹಾಕಿದರೇನು, ಅದು ಸಕ್ಕರೆಯಲ್ಲವಲ್ಲ” ಎನ್ನುವವರು ಬಹಳ. ಆದರೆ ರಕ್ತಕ್ಕೆ ಆ ಭೇದ ತಿಳಿಯದು. ಬೆಲ್ಲವೂ ಜೇನೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಸ್ಟೀವಿಯಾ ಎಂಬ ಸಿಹಿ ಎಲೆಯ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಿಟ್ಟಿಗೆ ಬೆರೆಸಿ, ರುಚಿ ನೋಡಿ ಸೇರಿಸಬಹುದು, ಹೆಚ್ಚಾದರೆ ಕಹಿಯಾಗುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲಿನ ಬರಹವನ್ನು ಓದಬೇಕು. ಕೆಲವದರಲ್ಲಿ ಸಕ್ಕರೆಯ ಜಾತಿಯ ಪುಡಿಗಳನ್ನೇ ಬೆರೆಸಿರುತ್ತಾರೆ.

ಸೀಲಿಯಾಕ್ ಇರುವ ಮಗುವಿನ ಮನೆಯವರು ಇನ್ನೆರಡು ಎಚ್ಚರಗಳನ್ನು ವಹಿಸಬೇಕು. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಲ್ಲೇ ಜೋಳ ಬೀಸಿದರೆ ಕಲ್ಲಿನಲ್ಲಿ ಉಳಿದ ಗೋಧಿಹಿಟ್ಟು ಜೋಳದೊಂದಿಗೇ ಬರುತ್ತದೆ. ಅಂಗಡಿಯ ಇಂಗಿನ ಪುಡಿಯಲ್ಲಿಯೂ ಅನೇಕ ವೇಳೆ ಗೋಧಿ ಅಥವಾ ಮೈದಾ ಇರುತ್ತದೆ. ಹಾಗೆಯೇ ಶೇಂಗಾ ಒಗ್ಗದವರಿಗೆ ಈ ತಿನಿಸು ಸಲ್ಲದು. ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಊಟದ ಪದ್ಧತಿಯನ್ನೇ ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು. ಪಿಷ್ಟ ಒಮ್ಮೆಲೇ ಕಡಿಮೆಯಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಶೇಂಗಾದಲ್ಲಿ ಕೊಬ್ಬು ಅಧಿಕವಾದುದರಿಂದ ಎರಡು ಮೂರು ಬಳೆಗಳಿಗೆ ನಿಲ್ಲಿಸುವುದು ಲೇಸು.

ಮಾತೆಯರಲ್ಲಿ ನಮ್ಮ ಅರಿಕೆ ಒಂದೇ. ಇದನ್ನು “ರೋಗಿಯ ತಿಂಡಿ” ಎಂದು ಬೇರೆ ಬಟ್ಟಲಿನಲ್ಲಿ ಒಬ್ಬರಿಗೇ ಇಡಬೇಡಿರಿ. ಪಂಕ್ತಿಯ ಮೊದಲ ಎಲೆಯಿಂದ ಕೊನೆಯ ಎಲೆಯವರೆಗೆ ಎಲ್ಲರಿಗೂ ಬಡಿಸಿರಿ. ಸಿಹಿ ಬಿಟ್ಟ ಹಿರಿಯರನ್ನು ನೋಯಿಸುವುದು ನಾಲಿಗೆಯ ಬಯಕೆಗಿಂತ ಹೆಚ್ಚಾಗಿ, ಎಲ್ಲರ ನಡುವೆ ಕುಳಿತೂ ತಾವೊಬ್ಬರೇ ಬೇರೆಯಾದೆವೆಂಬ ಭಾವ. ಆ ಭಾವವನ್ನು ಕಳೆಯಬಲ್ಲವರು ಬಡಿಸುವ ನೀವೇ.