ನಪಾಸಾಗಬೇಕಾದವರು ಯಾರು?

“ಮಕ್ಕಳನ್ನು ನಪಾಸು ಮಾಡುವುದನ್ನು ಬಿಟ್ಟಂದಿನಿಂದ ವಿದ್ಯೆ ಹಾಳಾಯಿತು” ಎಂಬ ಮಾತು ಈಗ ದೊಡ್ಡವರ ಬಾಯಲ್ಲೆಲ್ಲ ಕೇಳಿಬರುತ್ತಿದೆ. ಕೇಳಲು ಖಡಾಖಂಡಿತವಾಗಿದೆ; ನಾನು ಮಾತ್ರ ಒಪ್ಪಲಾರೆ.

ಕಾಯಿಲೆಯಿರುವುದು ನಿಜ. 2022ರಲ್ಲಿ ‘ಅಸರ್’ ಎಂಬ ಸಮೀಕ್ಷೆಯವರು ಭಾರತದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿ ನೋಡಿದರು. 6ರಿಂದ 14 ವರ್ಷದವರಲ್ಲಿ ನೂರಕ್ಕೆ 98 ಮಂದಿಯ ಹೆಸರು ಶಾಲೆಯ ಪಟ್ಟಿಯಲ್ಲಿತ್ತು. ಆದರೆ ಐದನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ನೂರಕ್ಕೆ ಸುಮಾರು 43 ಮಾತ್ರ. ಸಾಂಕ್ರಾಮಿಕದಲ್ಲಿ ಶಾಲೆ ಮುಚ್ಚಿದ್ದರಿಂದ ಹೀಗಾಯಿತೆಂದು ಸಮಾಧಾನಪಡುವಂತಿಲ್ಲ. 2018ರಲ್ಲಿಯೂ ಅರ್ಧದಷ್ಟು ಮಕ್ಕಳಿಗೆ ಅದು ಓದಲು ಬರುತ್ತಿರಲಿಲ್ಲ. 2024ರಲ್ಲಿ ತುಸು ಚೇತರಿಸಿದರೂ ಓದಬಲ್ಲವರ ಸಂಖ್ಯೆ ಅರ್ಧ ದಾಟಲಿಲ್ಲ.

ಇದಕ್ಕೆ ಮದ್ದು ನಪಾಸೇ? 2010ರ ಏಪ್ರಿಲಿನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 16ನೆಯ ಕಲಮು, ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಹಿಂದೆ ನಿಲ್ಲಿಸಕೂಡದೆಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ನಿಲ್ಲಿಸುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟಿತು. ಕರ್ನಾಟಕದಲ್ಲಿ ಚಿಕ್ಕ ತರಗತಿಗಳಿಗೂ ರಾಜ್ಯಮಟ್ಟದ ಪರೀಕ್ಷೆಯಿಡುವ ವ್ಯಾಜ್ಯ 2024ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಇಷ್ಟೆಲ್ಲ ಗದ್ದಲದಲ್ಲಿ ಅದೇ ಕಾಯಿದೆಯ 24ನೆಯ ಕಲಮನ್ನು ನೆನೆದವರೆಷ್ಟು ಮಂದಿ? ಒಂದೊಂದು ಮಗುವಿನ ಕಲಿಕೆಯ ಶಕ್ತಿಯನ್ನೂ ಅಳೆದು, ಬೇಕಾದವರಿಗೆ ಹೆಚ್ಚಿನ ಪಾಠ ಹೇಳುವುದು ಉಪಾಧ್ಯಾಯರ ಕರ್ತವ್ಯವೆಂದು ಅಲ್ಲಿ ಬರೆದಿದೆ. ನಿಲ್ಲಿಸಬೇಡಿ ಎಂಬ ಅರ್ಧವನ್ನು ನಡೆಸಿ, ಕಲಿಸಿ ಎಂಬ ಅರ್ಧವನ್ನು ಸರ್ಕಾರಗಳು ಮೂಲೆಗಿಟ್ಟವು. ಈಗ ನಡೆಸಿದ ಅರ್ಧವೇ ಕೆಟ್ಟದ್ದೆಂದು ದೂರುವುದು ಯಾವ ನ್ಯಾಯ?

ಉಪಾಧ್ಯಾಯರನ್ನು ಹಳಿಯುವುದೂ ಸುಲಭ. ಆದರೆ ಪಾಠಪಟ್ಟಿಯನ್ನು ಗೊತ್ತಾದ ಅವಧಿಯಲ್ಲಿ ಮುಗಿಸಬೇಕೆಂದೂ ಅದೇ ಕಲಮು ಹೇಳುತ್ತದೆ. ತಪಾಸಣೆಗೆ ಬಂದವರು ‘ಎಷ್ಟು ಪಾಠ ಆಯಿತು?’ ಎಂದು ಕೇಳುತ್ತಾರೆಯೇ ಹೊರತು ‘ಎಷ್ಟು ಮಕ್ಕಳಿಗೆ ಬಂತು?’ ಎಂದಲ್ಲ. ಕೇಳಿದ ಪ್ರಶ್ನೆಗೆ ತಕ್ಕ ಉತ್ತರವೇ ದೊರೆಯುತ್ತದೆ.

ನಪಾಸಾದ ಮಗುವಿಗೆ ಸಿಗುವುದೇನು? ತಿಳಿಯದ ಪಾಠವೇ, ತಿಳಿಯದಿದ್ದ ರೀತಿಯಲ್ಲಿಯೇ, ಇನ್ನೊಂದು ವರ್ಷ. ಉಳ್ಳವರ ಮಗ ಮನೆಪಾಠಕ್ಕೆ ಹೋದಾನು. ಕೂಲಿಯವನ ಮಗಳು ಕುರಿಯ ಹಿಂದೆ ಹೋದಾಳು. ಶಾಲೆ ಆಕೆಯನ್ನು ಹೊರಗೆ ಹಾಕಿತೆಂದು ಯಾರೂ ಹೇಳುವುದಿಲ್ಲ, ಆಕೆಯೇ ಬಿಟ್ಟಳೆಂದು ದಾಖಲೆ ಹೇಳುತ್ತದೆ.

ಮದ್ದಿಗಾಗಿ ಕಡಲಾಚೆ ಹೋಗಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ‘ನಲಿ-ಕಲಿ’ಯಲ್ಲಿ ಮಗು ಕಲಿಕೆಯ ಏಣಿಯನ್ನು ತನ್ನ ವೇಗದಲ್ಲಿ ಏರುತ್ತದೆ, ಹತ್ತು ದಿನ ಶಾಲೆ ತಪ್ಪಿದರೂ ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಎಲ್ಲೆಡೆಯೂ ಅದನ್ನು ಶ್ರದ್ಧೆಯಿಂದ ನಡೆಸಿದರೆಂದು ನಾನು ಹೇಳಲಾರೆ, ಆದರೆ ತತ್ತ್ವ ಸರಿಯಾದದ್ದು. ರಾಜ್ಯಕ್ಕೆಲ್ಲ ಹರಡಿದಾಗ ಅದು ಕೆಳಗಿನ ಮೂರು ತರಗತಿಗಳನ್ನು ದಾಟಲಿಲ್ಲ. ಮುಂದೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಏಣಿಯ ನಡುವೆ ನಿಂತ ಮಗುವಿನ ಗತಿ?

ನಾನು ಕೇಳುವುದು ದೊಡ್ಡದಲ್ಲ. ಏಳನೆಯ ತರಗತಿಯವರೆಗೆ ದಿನದ ಮೊದಲ ಒಂದು ಗಂಟೆ ತರಗತಿಯ ಗೋಡೆಗಳನ್ನು ಮರೆಯಲಿ. ಅಕ್ಷರ ಬಾರದವರು ಒಂದೆಡೆ, ಪದ ಕೂಡಿಸುವವರು ಒಂದೆಡೆ, ಕಥೆ ಓದುವವರು ಒಂದೆಡೆ ಕುಳಿತು ಕಲಿಯಲಿ. ತಪಾಸಣೆಯವರು ಆ ಲೆಕ್ಕವನ್ನೇ ಕೇಳಲಿ. ಅಷ್ಟನ್ನೂ ಮಾಡದವರಿಗೆ ಹತ್ತು ವರ್ಷದ ಕೂಸನ್ನು ನಪಾಸು ಮಾಡುವ ಅಧಿಕಾರವಿಲ್ಲ.